ಶಿವಾಜಿನಗರದಲ್ಲಿ ಒಂದು ತೇರು

ಸೆಪ್ಟೆಂಬರ್ 8ರಂದು ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ದಾರಿ ಕೇಳುವ ಕೆಲಸವೇ ಇಲ್ಲ. ಕಾವಿ ಬಣ್ಣದ ಸೀರೆಯುಟ್ಟ ಹೆಂಗಸರ ಹಿಂದೆ ನಡೆದರಾಯಿತು. ಹರಕೆ ಹೊತ್ತವರು ಅವರು. ಕಂಕುಳಲ್ಲಿ ಮಗು, ಕೈಯಲ್ಲಿ ಮೇಣದಬತ್ತಿಯ ಕಟ್ಟು, ಮುಡಿ ತುಂಬ ಮಲ್ಲಿಗೆ. ಕೆಲವರ ಕಾಲಿಗೆ ಚಪ್ಪಲಿಯೂ ಇಲ್ಲ. ನಾನೂ ಹಾಗೇ ಹೊರಟೆ. ಕೊತ್ತಂಬರಿ ಹೊರೆ ಹೊತ್ತ ಕೂಲಿಯವನು ಒಮ್ಮೆ ಸವರಿಕೊಂಡು ಹೋದ, ಮೀನಿನ ಬುಟ್ಟಿಯೊಂದು ಮೂಗಿನ ಮುಂದೆಯೇ ಹಾದುಹೋಯಿತು, ರಸೆಲ್ ಮಾರುಕಟ್ಟೆಯ ಕಡೆಯಿಂದ ಗುಲಾಬಿ, ಕರಿಬೇವು, ಕುರಿಮಾಂಸ ಎಲ್ಲದರ ವಾಸನೆ ಒಟ್ಟಿಗೇ ಬಂತು. ತಿರುವು ದಾಟಿ ತಲೆ ಎತ್ತಿದವನು ನಿಂತುಬಿಟ್ಟೆ. ಹಿಂದಿದ್ದವರು ‘ನಡೀರಿ ಸಾರ್’ ಎಂದು ಗದರಿದರು.

ಸಂತ ಮೇರಿ ಬೆಸಿಲಿಕಾದ ಗೋಪುರ 160 ಅಡಿ ಎತ್ತರ. ಚೂಪು ಕಮಾನು, ಬಣ್ಣದ ಗಾಜು, ನೆತ್ತಿಯ ಮೇಲೊಂದು ಶಿಲುಬೆ, ಎಲ್ಲವೂ ಫ್ರಾನ್ಸಿನ ಯಾವುದೋ ಊರಿನದು ಅನ್ನಿಸುವಂತಿದೆ. ಕೆಳಗಿನ ಜಗತ್ತು ಮಾತ್ರ ಅಪ್ಪಟ ನಮ್ಮ ಜಾತ್ರೆ. ಬತ್ತಾಸು, ಕಡಲೆಪುರಿ, ಬಳೆ, ಬಲೂನು, ಪ್ಲಾಸ್ಟಿಕ್ ಪೀಪಿ. ಮೇಲೆ ಗಾಥಿಕ್, ಕೆಳಗೆ ಕಡಲೆಪುರಿ. ಇವೆರಡೂ ಒಂದಕ್ಕೊಂದು ಅಡ್ಡ ಬರದೆ ನಿಂತಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದು ಹೇಗಾಯಿತು ಎಂದು ಕೆದಕುತ್ತ ಹೋದರೆ ಸಿಗುವುದು ಗೋಪುರವಲ್ಲ, ಗುಡಿಸಲು. ಬೆಂಗಳೂರು ದಂಡು ಹುಟ್ಟುವ ಮೊದಲೇ ಸೆಂಜಿಯ ಕಡೆಯಿಂದ ತಮಿಳು ಕ್ರೈಸ್ತ ರೈತರು ಬಂದು ಇಲ್ಲಿ ನೆಲೆ ನಿಂತಿದ್ದರು. ಅಕ್ಕಿ ಬೆಳೆಯುವ ಹಳ್ಳಿ. ಆಮೇಲೆ ಬಂದ ಬ್ರಿಟಿಷರ ಬಾಯಲ್ಲಿ ಆ ಜಾಗ ಬ್ಲ್ಯಾಕ್‌ಪಳ್ಳಿ. ರೈತರ ಹುಲ್ಲು ಮಾಡಿನ ಗುಡಿಗೆ ಕಾಣಿಕೆ ಮಾತೆಯ ದೇವಾಲಯವೆಂದು ಹೆಸರು. ಅಲ್ಲಿಗೆ ಬಂದು ಪೂಜೆ ಅರ್ಪಿಸಿ, 1818ರಲ್ಲಿ ಒಂದು ಪುಟ್ಟ ಪ್ರಾರ್ಥನಾಲಯ ಕಟ್ಟಿಸಿದವರು ಅಬ್ಬೆ ದುಬುವಾ.

ಈ ದುಬುವಾ ವಿಚಿತ್ರ ಆಸಾಮಿ. ಫ್ರಾನ್ಸಿನ ಪಾದ್ರಿ, 1792ರಲ್ಲಿ ಭಾರತಕ್ಕೆ ಬಂದವರು. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದರು. ಇಲ್ಲಿಯವರಂತೆ ಬಟ್ಟೆ ಉಟ್ಟರು, ಮಾಂಸ ಬಿಟ್ಟರು, ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕಿಸಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯೋರು’ ಎಂದೇ ಕರೆದರು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಎರಡು ಸಾವಿರ ವರಹ ಕೊಟ್ಟು ಕೊಂಡುಕೊಂಡಿತು. ಅದರಲ್ಲಿ ನಮ್ಮ ಬಗ್ಗೆ ಕಟುವಾದ ಮಾತುಗಳೂ ಉಂಟು, ಓದಿದರೆ ಸಿಟ್ಟು ಬರುತ್ತದೆ. ಲಸಿಕೆಯ ಕಥೆ ನೆನಪಾದರೆ ಅರ್ಧ ಸಿಟ್ಟು ಇಳಿಯುತ್ತದೆ. 1823ರಲ್ಲಿ ಊರು ಬಿಟ್ಟು ಹೋದವರು ತಿರುಗಿ ಬರಲಿಲ್ಲ.

ಈಗಿನ ಕಟ್ಟಡ ಫಾದರ್ ಕ್ಲೈನರ್ ಎತ್ತಿಸಿದ್ದು. 1882ರ ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಹುಟ್ಟುಹಬ್ಬದ ದಿನವೇ ಅದರ ಪ್ರತಿಷ್ಠೆ. ಒಳಗೆ ಕಾಲಿಟ್ಟರೆ ಬೀದಿಯ ಗದ್ದಲ ಒಂದು ಪಾವಿನಷ್ಟು ತಗ್ಗುತ್ತದೆ, ಅಷ್ಟೇ. ಸಾಲುಕಂಬಗಳ ನಡುವೆ ಗಾಜಿನ ಕಿಟಕಿಗಳಿಂದ ಕೆಂಪು, ನೀಲಿ ಬೆಳಕು ನೆಲಕ್ಕೆ ಇಳಿದಿತ್ತು. ಎರಡನೇ ಮಹಾಯುದ್ಧ ಶುರುವಾದಾಗ ಈ ಗಾಜುಗಳನ್ನೆಲ್ಲ ಬಿಚ್ಚಿ ಜೋಪಾನ ಮಾಡಿ, ಆಮೇಲೆ ಮತ್ತೆ ಕೂರಿಸಿದರಂತೆ. ಬಾಂಬು ಬೀಳದ ಊರಿನಲ್ಲೂ ಕಿಟಕಿಗೆ ಅಷ್ಟೊಂದು ಕಾಳಜಿ! 1973ರಲ್ಲಿ ಪೋಪ್ ಆರನೇ ಪೌಲ್ ಇದಕ್ಕೆ ಬೆಸಿಲಿಕಾ ಪಟ್ಟ ಕೊಟ್ಟರು. ರಾಜ್ಯದಲ್ಲಿ ಅದು ಮೊದಲನೆಯದು. ಕಾರ್ಕಳದ ಅತ್ತೂರಿಗೆ ಆ ಪಟ್ಟ ಸಿಕ್ಕಿದ್ದು 2016ರಲ್ಲಿ.

ಪಟ್ಟದ ಮಾತು ಇರಲಿ, ಜನ ಬರುವುದು ಪಟ್ಟ ನೋಡಿ ಅಲ್ಲ. ಅವರು ಬರುವುದು ಸೀರೆಯುಟ್ಟ ತಾಯಿಯನ್ನು ನೋಡಲು. ಮಗುವನ್ನು ಎತ್ತಿಕೊಂಡ ಮರಿಯಮ್ಮ ಆಳೆತ್ತರ ನಿಂತಿದ್ದಾಳೆ. ರೇಷ್ಮೆಸೀರೆ, ತಲೆಗೆ ಕಿರೀಟ, ಕೊರಳು ಕಾಣದಷ್ಟು ಹಾರ. ಹರಕೆ ತೀರಿಸಲು ಬಂದವರ ಕೈಯಲ್ಲೂ ಸೀರೆಯೇ. ನನ್ನ ಮುಂದಿದ್ದ ಅಜ್ಜಿ ಹೊದಿಕೆಯಿಂದ ಸೀರೆ ತೆಗೆದು, ಸೆರಗು ಬಿಡಿಸಿ, ಬಣ್ಣ ಒಪ್ಪುತ್ತದೆಯೋ ಇಲ್ಲವೋ ಎಂದು ದೂರದಿಂದಲೇ ಅಳೆದು ನೋಡುತ್ತಿದ್ದರು. ಮಗಳ ಮದುವೆಗೆ ಆರಿಸುವವರು ಕೂಡ ಇಷ್ಟು ಹೊತ್ತು ನೋಡಲಾರರು.

ಈ ಮರಿಯಮ್ಮನಿಗೆ ಆರೋಗ್ಯ ಮಾತೆ ಎಂಬುದು ಬರಿಯ ಬಿರುದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಇಕ್ಕಟ್ಟು ಬೀದಿಗಳಿಂದ ಪಾರಾಗಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ದಂಡಿನ ಕಡೆಯ ಬಡವರು ಈ ತಾಯಿಯ ಮುಂದೆ ಮೊಣಕಾಲೂರಿದರು. ಯಾರು ಯಾವ ಅಮ್ಮನನ್ನು ಕೂಗಿದರು ಎಂಬುದು ವಿಳಾಸದ ಮೇಲೆ ನಿಂತಿತ್ತು, ಕೂಗು ಒಂದೇ. ಇವತ್ತಿಗೂ ಶನಿವಾರದ ನವೇನ ಪ್ರಾರ್ಥನೆಗೆ ಬರುವವರಲ್ಲಿ ಕುಂಕುಮ ಇಟ್ಟವರು ಎಷ್ಟೋ. ಬುರ್ಖಾ ತೊಟ್ಟ ತಾಯಿಯೊಬ್ಬಳು ಜ್ವರದ ಮಗುವಿನ ಹಣೆ ಮುಟ್ಟಿ ನೋಡಿ, ಮೇಣದಬತ್ತಿ ಹಚ್ಚಿಟ್ಟು, ಸರಸರನೆ ಮಾರುಕಟ್ಟೆಯ ಕಡೆ ನಡೆದದ್ದನ್ನು ನೋಡಿದೆ. ಪಕ್ಕದಲ್ಲಿದ್ದ ಹೂವಿನವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ‘ಮೊಳ ಎಷ್ಟು ಬೇಕು?’ ಎಂದು ನನ್ನನ್ನೇ ಕೇಳಿದಳು.

ಎಲ್ಲವೂ ಸಕ್ಕರೆಯಲ್ಲ. ಎರಡನೇ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಸರಿದು ನಾಡಭಾಷೆಯ ಪೂಜೆ ಬಂದಾಗ, ಬೆಂಗಳೂರಿನ ಚರ್ಚುಗಳಲ್ಲಿ ನಾಡಭಾಷೆ ಯಾವುದು ಎಂಬ ಜಗಳವೂ ಬಂತು. ಕನ್ನಡ ಕ್ರೈಸ್ತರು ಬಲಿಪೂಜೆಗೆ ಕನ್ನಡ ಬೇಕೆಂದು ವರ್ಷಗಟ್ಟಲೆ ಹೋರಾಡಬೇಕಾಯಿತು. ಈಗ ಈ ಗೋಡೆಗಳೊಳಗೆ ತಮಿಳು, ಕನ್ನಡ, ಇಂಗ್ಲಿಷ್ ಮೂರೂ ಸರದಿಯ ಮೇಲೆ ಕೇಳುತ್ತವೆ. ಹೊರಗೆ ಮೇಣದಬತ್ತಿಯ ಚೌಕಾಸಿಗೆ ದಖನಿ ಉರ್ದುವೇ ಗತಿ.

ಸಂಜೆ ತೇರು ಹೊರಟಿತು. ದೀಪಗಳಿಂದ ಜಗಜಗಿಸುವ ರಥದ ಮೇಲೆ ಮರಿಯಮ್ಮ. ‘ಮರಿಯೇ ವಾಳ್ಗ’ ಎಂದು ಒಂದು ಕಡೆಯಿಂದ ಕೂಗು ಎದ್ದರೆ, ಇನ್ನೊಂದು ಕಡೆಯಿಂದ ಬ್ಯಾಂಡಿನವರ ತುತ್ತೂರಿ. ಆಗಸ್ಟ್ 29ಕ್ಕೆ ಬಾವುಟ ಏರಿದಂದಿನಿಂದ ತುಂಬಿಕೊಳ್ಳುತ್ತಿದ್ದ ಜನವೆಲ್ಲ ಒಂದೇ ಸಲ ಬೀದಿಗೆ ಸುರಿದಂತಿತ್ತು. ಇಕ್ಕಟ್ಟಾದ ಓಣಿಗಳಲ್ಲಿ ಬೀಡಾ ಅಂಗಡಿಯವನು ತನ್ನ ತಡಿಕೆಯನ್ನು ಮೇಲೆತ್ತಿ ಹಿಡಿದ. ಮಹಡಿಗಳಿಂದ ಹೂವು ಉದುರಿತು. ಕಬಾಬಿನ ಅಂಗಡಿಯ ಹುಡುಗರು ಬೀಸಣಿಗೆ ಕೆಳಗಿಟ್ಟು, ಹೊಗೆ ತೇರಿನ ಕಡೆ ಹೋಗದಂತೆ ಒಲೆಗೆ ಮುಚ್ಚಳ ಹಾಕಿ ನಿಂತರು. ಯಾರೂ ಹೇಳಿರಲಿಲ್ಲ. ಜನರ ನೂಕಿಗೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೆದರಿಕೆಯ ಬದಲು ನಗು ಬರುತ್ತಿತ್ತು.

ತೇರು ದಾಟಿದ ಮೇಲೆ ಮಂಗಳೂರು ಕಡೆಯ ಪರಿಚಿತರೊಬ್ಬರು ಸಿಕ್ಕರು. ಬೆಳಿಗ್ಗೆಯಿಂದ ಇಬ್ಬರಿಗೂ ಊಟವಿಲ್ಲ, ಸುತ್ತಲೂ ಬಿರಿಯಾನಿಯ ಹಂಡೆಗಳು. ಆದರೆ ಅವರಿಗೆ ಇವತ್ತು ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಅವರ ಮನೆಗಳಲ್ಲಿ ಈ ದಿನ ಅಪ್ಪಟ ಸಸ್ಯಾಹಾರ, ಅದರಲ್ಲೂ ಬೆಸ ಸಂಖ್ಯೆಯ ಪದಾರ್ಥಗಳೇ ಆಗಬೇಕು. ‘ಏಳಿರಬೇಕು ಮಾರಾಯ್ರೆ, ಇಲ್ಲ ಐದು’ ಎನ್ನುತ್ತ ಅವರು ಉಡುಪಿ ಹೋಟೆಲು ಹುಡುಕುತ್ತ ಹೊರಟರು. ಇಡ್ಲಿ, ವಡೆ, ಚಟ್ನಿ, ಸಾಂಬಾರಿಗೆ ನಾಲ್ಕೇ ಆಯಿತು. ಐದನೆಯದಾಗಿ ಕಾಫಿಯನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂಬ ಚರ್ಚೆ ಮಾಣಿ ಬರುವವರೆಗೂ ನಡೆಯಿತು.