ನಿಂತ ಯಂತ್ರ, ನಿಂತ ಕೈ

ದುಡಿದು ಸವೆದ ಉಪಕರಣಕ್ಕಿಂತ ದುಡಿಯದೆ ನಿಂತ ಉಪಕರಣವೇ ಬೇಗ ಕೆಡುತ್ತದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬೇರೆಯಾಗಿ ತಿಳಿಸಬೇಕಾಗಿಲ್ಲ. ಆದರೂ ಬಲ್ಲ ಮಾತನ್ನೇ ಮನುಷ್ಯನು ಮರೆಯುತ್ತಾನೆ.

ಧಾರವಾಡದ ಕಡೆಯ ಹಿರಿಯರೊಬ್ಬರು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೆಲೆಸಿದ ನಿವೃತ್ತ ಇಂಜಿನಿಯರರು. ನೆರೆಮನೆಯ ಯಜಮಾನರು ತೀರಿಕೊಳ್ಳುವ ಮುನ್ನ, ಕುಳಿತು ಓಡಿಸುವ ತಮ್ಮ ಹಳೆಯ ಲಾನ್ ಮೋವರನ್ನು ಇವರಿಗೆ ಒಪ್ಪಿಸಿ, ತಮ್ಮ ಪತ್ನಿಯ ಅಂಗಳದ ಹುಲ್ಲನ್ನೂ ನೋಡಿಕೊಳ್ಳಬೇಕೆಂದು ಕೇಳಿಕೊಂಡಿದ್ದರು. ಕೊಟ್ಟ ಮಾತಿನಂತೆ ಇವರು ಆರು ಬೇಸಿಗೆಗಳ ಕಾಲ ಎರಡೂ ಅಂಗಳಗಳನ್ನು ಒಪ್ಪವಾಗಿಟ್ಟರು.

ಏಳನೆಯ ವರ್ಷದ ಅಕ್ಟೋಬರಿನಲ್ಲಿ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಯಂತ್ರವು ಇದ್ದ ಸ್ಥಿತಿಯಲ್ಲಿಯೇ ಶೆಡ್ಡನ್ನು ಸೇರಿತು. ಟ್ಯಾಂಕಿನಲ್ಲಿ ಪೆಟ್ರೋಲು, ಅಲಗಿನ ಮೇಲೆ ಒಣಗಿದ ಹುಲ್ಲು, ಹೊರಗೆ ತಿಂಗಳುಗಟ್ಟಲೆ ಹಿಮ. ಸಣ್ಣಪುಟ್ಟ ಕೆಲಸ ಮಾಡಬಹುದೆಂದು ವೈದ್ಯರು ಜನವರಿಯಲ್ಲಿಯೇ ಹೇಳಿದ್ದರೂ ಹಿರಿಯರು ಕಿಟಕಿಯ ಬಳಿಯ ಕುರ್ಚಿಯನ್ನು ಬಿಟ್ಟು ಏಳಲಿಲ್ಲ. ಏಪ್ರಿಲ್ ತಿಂಗಳಲ್ಲಿ ಹುಲ್ಲು ಚಿಗುರಿತು. ಮಗನು ಕೀಲಿ ತಿರುಗಿಸಿ ನೋಡಿದಾಗ ಯಂತ್ರವು ‘ಟಕ್’ ಎಂದು ಸುಮ್ಮನಾಯಿತು.

“ಅಪ್ಪಾ, ಇನ್ನು ಇದನ್ನು ಗುಜರಿಗೆ ಹಾಕೋಣ. ಹುಲ್ಲು ಕತ್ತರಿಸಲು ಆಳು ಕರೆಸಿದರಾಯಿತು” ಎಂದನು ಮಗ. ಆ ಮಾತು ಯಂತ್ರವನ್ನು ಕುರಿತದ್ದೋ ತಮ್ಮನ್ನು ಕುರಿತದ್ದೋ ಎಂದು ಹಿರಿಯರ ಮನಸ್ಸು ಇಡೀ ರಾತ್ರಿ ತೊಳಲಾಡಿತು.

ಮರುದಿನ ಅವರು ಹನ್ನೆರಡು ವರ್ಷದ ಮೊಮ್ಮಗನನ್ನು ಕರೆದುಕೊಂಡು ಶೆಡ್ಡಿಗೆ ನಡೆದರು. ಇಬ್ಬರೂ ಸೇರಿ ಯಂತ್ರವನ್ನು ಬಯಲಿಗೆ ನೂಕಿದರು. ಹುಡುಗನು ಬಗ್ಗಿ ಅಲಗಿನ ಹುಲ್ಲನ್ನು ಕೀಳಲು ಕೈ ಚಾಚಿದನು.

“ತಡಿ ತಮ್ಮಾ! ಕೀಲಿ ತೆಗೆದರ ಸಾಲೂದಿಲ್ಲ” ಎಂದು ಹಿರಿಯರು ತಡೆದರು. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ ದೂರವಿಟ್ಟ ನಂತರವೇ ಅಲಗಿನ ಬಳಿಗೆ ಕೈ ಹೋಗಬೇಕು. ಅಕಸ್ಮಾತ್ತಾಗಿ ಎಂಜಿನ್ ಹೊತ್ತಿಕೊಂಡರೆ ಬೆರಳು ಉಳಿಯುವುದಿಲ್ಲ.

12 ವೋಲ್ಟಿನ ಬ್ಯಾಟರಿಯು ಪೂರ್ಣ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ಇದು 12ನ್ನೂ ಮುಟ್ಟಲಿಲ್ಲ. ಬರಿದಾದ ಬ್ಯಾಟರಿ ಕಡುಚಳಿಗೆ ಹೆಪ್ಪುಗಟ್ಟಿ ಒಡೆಯುವುದುಂಟು. ಪುಣ್ಯಕ್ಕೆ ಇದು ಒಡೆದಿರಲಿಲ್ಲ, ಉಬ್ಬಿರಲಿಲ್ಲ; ಚಾರ್ಜಿಗೆ ಇಟ್ಟರು. ಎಂಜಿನ್ನಿನ ಮೇಲ್ಮುಚ್ಚಳ ತೆಗೆದಾಗ ಒಳಗೆ ಇಲಿಯ ಗೂಡು ಕಂಡಿತು. ಗಾಳಿ ಹಾಯುವ ದಾರಿ ಹಾಗೆ ಮುಚ್ಚಿದ್ದರೆ ಎಂಜಿನ್ ಕಾದು ಕೆಡುತ್ತಿತ್ತು.

ಬಳಿಕ ಹಳೆಯ ಪೆಟ್ರೋಲನ್ನು ಡಬ್ಬಿಗೆ ಇಳಿಸಿದರು. ಅಲ್ಲಿ ಮಾರುವ ಬಹುಪಾಲು ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇರುತ್ತದೆ; ಅದು ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರ ಅಂಶವು ಆವಿಯಾಗಿ, ಉಳಿದದ್ದು ಅಂಟಾಗುತ್ತದೆ. ಕಾರ್ಬ್ಯುರೇಟರಿನ ತಳದ ಬಟ್ಟಲಿನಲ್ಲಿ ಕಂದುಬಣ್ಣದ ಅಂಟು ಹಿಡಿದಿತ್ತು. ಇಂಧನ ಹಾಯುವ ಜೆಟ್ಟಿನ ರಂಧ್ರವು ಪೂರ್ತಿ ಕಟ್ಟಿತ್ತು. ಹಿರಿಯರು ಅದನ್ನು ದ್ರಾವಣದಿಂದ ತೊಳೆದು ಮೊಮ್ಮಗನ ಕೈಗಿತ್ತರು. ಹುಡುಗನು ಬಿಸಿಲಿಗೆ ಹಿಡಿದು ನೋಡಿ, “ಅಜ್ಜಾ, ಇಷ್ಟು ಸಣ್ಣ ತೂತಿಗಾಗಿ ಅಷ್ಟು ದೊಡ್ಡ ಯಂತ್ರ ನಿಂತಿತ್ತೇ?” ಎಂದು ಕೇಳಿದನು.

ಹಿರಿಯರು ಬಹಳ ಹೊತ್ತು ಉತ್ತರಿಸಲಿಲ್ಲ. ಬಳಸಿದ್ದರೆ ಶಕ್ತಿಯಾಗಿ ಹರಿಯಬೇಕಾದದ್ದು, ಬಳಸದೆ ಇಟ್ಟುಕೊಂಡದ್ದರಿಂದ ದಾರಿಯನ್ನೇ ಕಟ್ಟಿತ್ತು. ಜನವರಿಯಿಂದ ಕುರ್ಚಿಯಲ್ಲಿ ಕುಳಿತ ತಮ್ಮ ಕೈಗಳನ್ನು ಅವರು ನೋಡಿಕೊಂಡರು. ರೋಹಿಣಿ ಮಳೆಗೆ ಮುನ್ನ ಕೂರಿಗೆಯನ್ನು ಬಡಿಗನಲ್ಲಿಗೂ ಕುಂಟೆಯ ಕುಡವನ್ನು ಕಮ್ಮಾರನಲ್ಲಿಗೂ ಒಯ್ಯುತ್ತಿದ್ದ, ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ತಂದೆಯವರು ನೆನಪಾದರು. ಅವರು ಎಂದೂ ಮಳೆ ಬಂದ ಮೇಲೆ ಕೂರಿಗೆಯನ್ನು ಹುಡುಕಿದವರಲ್ಲ.

ಎಂಜಿನ್ ಆಯಿಲ್ ಬದಲಾಯಿತು, ಗಾಳಿಯ ಫಿಲ್ಟರ್ ಹೊಸದಾಯಿತು. ಅಲಗನ್ನು ಬಿಚ್ಚಿ ಅರದಿಂದ ಉಜ್ಜಿ, ನಡುವಿನ ರಂಧ್ರವನ್ನು ಮೊಳೆಗೆ ಸಿಕ್ಕಿಸಿ ತೂಗಿದರು. ಭಾರವಾದ ತುದಿ ಕೆಳಗಿಳಿದರೆ ಅದನ್ನು ಮತ್ತೆ ಉಜ್ಜಬೇಕು; ಸಮತೂಕವಿಲ್ಲದ ಅಲಗು ಯಂತ್ರವನ್ನೆಲ್ಲ ನಡುಗಿಸುತ್ತದೆ. ಹೊಸ ಪೆಟ್ರೋಲು ಹಾಕಿ, ತಂತಿ ಜೋಡಿಸಿ ಕೀಲಿ ತಿರುಗಿಸಿದರು. ಎರಡನೆಯ ಬಾರಿಗೆ ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ನಿಂತು ನಡೆಯಿತು.

ಓಡಿಸುವೆನೆಂದು ಮೊಮ್ಮಗನು ಹಟ ಹಿಡಿದನು. ಹದಿನಾರು ತುಂಬಲಿ ಎಂದು ಹಿರಿಯರು ಒಪ್ಪಲಿಲ್ಲ. ಮೊದಲು ಹೋದದ್ದು ನೆರೆಮನೆಯ ಅಂಗಳಕ್ಕೆ. ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಲೇ ಕತ್ತರಿಸಿದರೆ ಬೇರು ಬಳಲುತ್ತದೆ, ಅಷ್ಟೇ ಕತ್ತರಿಸಿದರು. ಅರ್ಧ ಅಂಗಳ ಮುಗಿಯುವಾಗ ದಣಿವಾಯಿತು. ಯಂತ್ರ ನಿಲ್ಲಿಸಿ ನೆರಳಿನಲ್ಲಿ ಕುಳಿತರು. ಆ ಮನೆಯ ವೃದ್ಧೆ ನೀರು ತಂದುಕೊಟ್ಟು, ಏನೂ ಮಾತನಾಡದೆ ಪಕ್ಕದಲ್ಲಿ ಕುಳಿತರು. ಉಳಿದರ್ಧವು ಮರುದಿನ ಮುಗಿಯಿತು.

ಆ ವರ್ಷದ ಅಕ್ಟೋಬರಿನಲ್ಲಿ ಟ್ಯಾಂಕನ್ನು ಬರಿದು ಮಾಡಲು ನೆನಪಿಸಿದವನು ಮೊಮ್ಮಗನೇ.

ವಯಸ್ಸು ಕಾಯಕದ ಅಳತೆಯನ್ನು ಕಿರಿದು ಮಾಡಬಹುದು, ಕಾಯಕವನ್ನೇ ಕಸಿಯಲಾರದು. ಇರುವ ಶಕ್ತಿ ಅರ್ಧ ಅಂಗಳದಷ್ಟಿದ್ದರೆ ಅರ್ಧ ಅಂಗಳಕ್ಕೇ ಅದು ಸಲ್ಲಲಿ. ಕೂಡಿಟ್ಟರೆ ಅದು ಅಂಟಾಗುತ್ತದೆ, ಹರಿಸಿದರೆ ನಡೆಸುತ್ತದೆ.