ಹೂಂ

ಅಜ್ಜಿಕತೆಗೆ ಒಂದೇ ಕರಾರು: ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಮಗು ಮಲಗಿತೆಂದು ಅರ್ಥ, ಕತೆಯೂ ಅಲ್ಲಿಗೇ ನಿಂತಿತು. ಮೊಬೈಲ್ ಬಂದು ಮಾತೇ ಕಡಿಮೆಯಾಯಿತೆಂದು ಗೊಣಗುವವರಿದ್ದಾರೆ. ನನಗೇನೋ ಮಾತಿಗೆ ಬರವಿದ್ದಂತೆ ಕಾಣುವುದಿಲ್ಲ, ಕೆಟ್ಟಿರುವುದು ಹೂಂ. ಎದುರಿಗೆ ಕೂತವರು ಮಗಳ ಸಂಬಂಧ ಮುರಿದುಬಿದ್ದದ್ದನ್ನು ಹೇಳಿಕೊಳ್ಳುತ್ತಿರುತ್ತಾರೆ. ಕೇಳುವವರ ಹೆಬ್ಬೆರಳು ಪರದೆಯ ಮೇಲೆ ಜಾರುತ್ತಲೇ ಇರುತ್ತದೆ, ಬಾಯಿ ಮಾತ್ರ 'ಹೂಂ, ಹೂಂ, ಹೇಳಿ' ಅನ್ನುತ್ತದೆ. ಅಪ್ಪಟ ಖೋಟಾ ನಾಣ್ಯ. ಸೋಜಿಗವೆಂದರೆ, ಫೋನಿನ ಆಚೆ ತುದಿಯವರಿಗೆ ನಾವು ಕೊಡುವುದು ಅಸಲಿ ಹೂಂ. ಅರೆಗಳಿಗೆ ಸುಮ್ಮನಾದರೆ ಅವರು 'ಹಲೋ, ಕೇಳಿಸ್ತಾ ಇದೆಯಾ?' ಎಂದು ದಬಾಯಿಸುತ್ತಾರಲ್ಲ! ಎದುರಿಗಿದ್ದವರು ಹಾಗೆ ಕೇಳಲಾರರು, ಅವರಿಗೆ ಸಂಕೋಚ.

ಒಂದು ಕಾಲಕ್ಕೆ ಎದುರಿಗೆ ಕೂತವರ ಮರ್ಯಾದೆಯನ್ನು ದುಡ್ಡು ಕಾಯುತ್ತಿತ್ತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ ಮೇಲೂ ಹಲವು ವರ್ಷ, ಕರೆ ಎತ್ತಿದವರೂ ಹಣ ತೆರಬೇಕಿತ್ತು. 'ಮನೆಗೆ ಹೋಗಿ ಲ್ಯಾಂಡ್‌ಲೈನಿಂದ ಮಾಡ್ತೀನಿ' ಎಂದು ಇಟ್ಟುಬಿಡುತ್ತಿದ್ದರು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಅದರ ಜತೆಗೆ ಎದುರು ಕೂತವರ ಹೊತ್ತೂ. ಫೋನು ಎದುರಿಗಿರುವವರ ನಂಟನ್ನು ಕೆಡಿಸುತ್ತದೆಯೇ ಎಂದು ಪರೀಕ್ಷಿಸಿದವರೂ ಇದ್ದಾರೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಪ್ರಿಬಿಲ್‌ಸ್ಕಿ ಮತ್ತು ವೈನ್‌ಸ್ಟೀನ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದಲ್ಲಿ ಫೋನೊಂದು ಸುಮ್ಮನೆ ಬಿದ್ದಿದ್ದಕ್ಕೇ ಅಪರಿಚಿತರಿಬ್ಬರ ಆಪ್ತತೆ ತಗ್ಗಿತ್ತು, ಅದೂ ಮನಸ್ಸಿಗೆ ಹತ್ತಿರದ ವಿಷಯ ಮಾತಾಡುವಾಗ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆಯೂ ಅದೇ ಫಲ ಸಿಗಲಿಲ್ಲ. ಸಿಗದಿದ್ದರೂ ನನ್ನ ವಾದಕ್ಕೆ ನಷ್ಟವಿಲ್ಲ; ಬಿದ್ದಿರುವ ಯಂತ್ರದ ಮೇಲಲ್ಲ, ಅದರತ್ತ ಹೊರಳುವ ಕಣ್ಣಿನ ಮೇಲೆ ನನ್ನ ದೂರು.

ಹಿಂದೆ ಯಜಮಾನರು ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂರುತ್ತಿರಲಿಲ್ಲವೇ ಎಂದು ಕೇಳಬಹುದು. ಕೂರುತ್ತಿದ್ದರು, ಅದೂ ಒರಟುತನವೇ. ಆದರೆ ಪೇಪರು ಕೂಗಿ ಕರೆಯುತ್ತಿರಲಿಲ್ಲ, ಹದಿನಾರು ಪುಟಕ್ಕೆ ಮುಗಿಯುತ್ತಿತ್ತು. ತುರ್ತು ಇರುತ್ತದಲ್ಲ ಎಂಬ ಆಕ್ಷೇಪಣೆ ಮಾತ್ರ ಗಟ್ಟಿಯದು. ಐಸಿಯುವಿನಲ್ಲಿ ತಾಯಿ ಇದ್ದವರಿಗೆ ಫೋನ್ ಒಳಗಿಡಿ ಎನ್ನುವುದು ಕ್ರೌರ್ಯ. ಅಂಥವರು ಕೂರುವಾಗಲೇ 'ಆಸ್ಪತ್ರೆಯಿಂದ ಫೋನ್ ಬರಬಹುದು, ಎದ್ದು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ' ಅಂದುಬಿಡುತ್ತಾರೆ. ಆಮೇಲೆ ಮಾತಿನ ನಡುವೆ ಆ ಫೋನಿನತ್ತ ಆಗಾಗ ಕಣ್ಣು ಹಾಯಿಸುವವರು ಎದುರಿಗೆ ಕೂತವರು.