ಒಂದು ಕೋಣೆ, ನಾಲ್ಕು ಕಣ್ಣು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುವ ಗಾದೆ ನಿಮಗೆಲ್ಲ ಗೊತ್ತು. ಕಟ್ಟಿದ ಮನೆಯಲ್ಲಿ ಒಂದೇ ಒಂದು ಕೋಣೆಯನ್ನು ಇಬ್ಬರಿಗೆ ಒಪ್ಪುವಂತೆ ಅಣಿ ಮಾಡುವುದೂ ಅಷ್ಟೇ ಕಷ್ಟದ ಕೆಲಸ. ಅದರಲ್ಲೂ ಒಬ್ಬರಿಗೆ 68 ವರ್ಷ, ಇನ್ನೊಬ್ಬರಿಗೆ 10 ವರ್ಷವಾದರೆ ಕೇಳುವುದೇ ಬೇಡ.

ಯಜಮಾನರು ತೀರಿಕೊಂಡ ಎರಡು ವರ್ಷಕ್ಕೆ, ಸಾಗರದ ನಮ್ಮ ಹೆಂಚಿನ ಮನೆಯನ್ನು ಬಾಡಿಗೆಗೆ ಕೊಟ್ಟು ನಾನು ಬೆಂಗಳೂರಿಗೆ ಬಂದೆ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇರುವುದು ಬೇಡವೆಂದು ಮಗ, ಸೊಸೆ ಇಬ್ಬರೂ ಹಟ ಹಿಡಿದಿದ್ದರು. ಅವರ ಫ್ಲ್ಯಾಟಿನಲ್ಲಿ ಇರುವುದು ಎರಡೇ ಮಲಗುವ ಕೋಣೆ. ಹಾಗಾಗಿ ಐದನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಪುಟ್ಟಿಯ ಕೋಣೆಯಲ್ಲಿ ನನಗೂ ಒಂದು ಮಂಚ ಬಿತ್ತು. 10 ಅಡಿ ಅಗಲ, 11 ಅಡಿ ಉದ್ದದ ಕೋಣೆ ಅದು.

ನನ್ನ ಜತೆ ಕೆಲವು ಸಾಮಾನುಗಳೂ ಬಂದಿದ್ದವು. ಒಂದು ತಾಮ್ರದ ತಂಬಿಗೆ, ಸಂತೆಯಲ್ಲಿ ಕೊಂಡ ಬೆತ್ತದ ಬುಟ್ಟಿ, ನಮ್ಮೂರಿನ ಗುಡಿಗಾರರು ಕೆತ್ತಿದ ಗಂಧದ ಪುಟ್ಟ ಪೆಟ್ಟಿಗೆ, ಎರಡು ಟ್ರಂಕು. ಜತೆಗೆ ಯಜಮಾನರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮೇಜು. 'ಇದನ್ನು ಎಲ್ಲಿಡೋದಮ್ಮ? ಕೆಳಗೆ ಪಾರ್ಕಿಂಗಿನ ಹತ್ತಿರ ಒಂದು ಸ್ಟೋರ್ ರೂಮಿದೆ, ಅಲ್ಲಿಡೋಣ' ಎಂದ ಮಗ. ನಾನು ಸುಮ್ಮನಿದ್ದೆ.

ಆ ರಾತ್ರಿ ದೀಪ ಆರಿಸಿದ ಮೇಲೆ ಪುಟ್ಟಿ ಕೇಳಿದಳು: 'ಅಜ್ಜಿ, ನನ್ನ ರೂಮಲ್ಲಿ ನೀನು ಎಷ್ಟು ದಿನ ಇರ್ತೀಯ?'

ಅವಳ ದನಿಯಲ್ಲಿ ಕೋಪವಿರಲಿಲ್ಲ. ಆದರೆ ತನ್ನ ಕೋಣೆ ಕೈತಪ್ಪಿ ಹೋಗುತ್ತಿದೆ ಎಂಬ ಅಳುಕು ಇತ್ತು. ಮನೆ ಕೈತಪ್ಪಿದವಳು ನಾನೂ ತಾನೇ? ಆ ಅಳುಕು ನನಗೆ ಚೆನ್ನಾಗಿ ಅರ್ಥವಾಯಿತು. ಇಬ್ಬರೂ ಅತಿಥಿಗಳಂತೆ ಇರುವ ಕೋಣೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ.

'ಒಬ್ಬ ಇಂಟೀರಿಯರ್ ಡಿಸೈನರನ್ನು ಕರೆಸಿ ಕೋಣೆ ಮಾಡಿಸೋಣ' ಎಂದಳು ಸೊಸೆ. ನಾನು ಒಂದು ತಿಂಗಳು ಸಮಯ, 2,000 ರೂಪಾಯಿ ಕೇಳಿದೆ. ನಮ್ಮಿಬ್ಬರಿಂದ ಆಗದಿದ್ದರೆ ಆಮೇಲೆ ಡಿಸೈನರು ಬರಲಿ ಎಂದೆ. ಪುಟ್ಟಿಗೆ ಇದು ಆಟದಂತೆ ಕಂಡಿತು, ಒಪ್ಪಿದಳು.

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಏನು ಶುರು ಮಾಡಿದರೂ ಒಂದು ನೋಟ್‌ಬುಕ್ ಬೇಕು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಲಂ ಮಾಡಿದೆವು. ಮೊದಲನೆಯದು, 'ಕಣ್ಣಿಗೆ ಹಿಡಿಸಿದ್ದು ಏನು?' ಎರಡನೆಯದು, 'ಯಾಕೆ ಹಿಡಿಸಿತು?' ಮೂರನೆಯದು, 'ಅದೇ ಕೆಲಸ ಮಾಡುವ ವಸ್ತು ನಮ್ಮ ಮನೆಯಲ್ಲೇ ಇದೆಯೇ?' ಮೊದಲ ಮೂರು ಶನಿವಾರ ಅಂಗಡಿಗಳನ್ನು ನೋಡುವುದು ಮಾತ್ರ, ಏನನ್ನೂ ಕೊಳ್ಳುವಂತಿಲ್ಲ ಎಂದು ಇಬ್ಬರೂ ಕೈಮೇಲೆ ಕೈ ಹಾಕಿ ಮಾತು ಕೊಟ್ಟುಕೊಂಡೆವು.

ಮೊದಲ ಶನಿವಾರ ಮೆಟ್ರೊ ಹತ್ತಿ ನಾಗಸಂದ್ರಕ್ಕೆ ಹೋದೆವು. ಅಲ್ಲಿ 2022ರಲ್ಲಿ ತೆರೆದ ಐಕಿಯಾ ಅಂಗಡಿ ಇದೆ. ಅದರೊಳಗೆ ಮಂಚ, ಮೇಜುಗಳನ್ನು ಸುಮ್ಮನೆ ಸಾಲಾಗಿ ಇಟ್ಟಿಲ್ಲ. ಗೋಡೆ, ಪರದೆ, ದೀಪ ಎಲ್ಲ ಸೇರಿಸಿ ನಿಜವಾದ ಕೋಣೆಗಳಂತೆಯೇ ಜೋಡಿಸಿದ್ದಾರೆ. ಪುಟ್ಟಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿದಳು. ನಾನು ಒಂದು ಸಣ್ಣ ಕೋಣೆಯ ಮುಂದೆ ನಿಂತೆ. ನಮ್ಮ ಕೋಣೆಯಷ್ಟೇ ಇದ್ದಂತಿತ್ತು. ಆದರೂ ಇಕ್ಕಟ್ಟೆನಿಸಲಿಲ್ಲ. ಯಾಕೆ?

'ಟ್ಯೂಬ್‌ಲೈಟೇ ಇಲ್ಲ ಅಜ್ಜಿ!' ಎಂದು ಪುಟ್ಟಿ ಕಂಡುಹಿಡಿದಳು. ಹೌದಲ್ಲ! ನಾವು ಮನೆಯಲ್ಲಿ ನೆತ್ತಿಯ ಮೇಲೆ ಒಂದು ದೀಪ ಹಾಕಿ ಇಡೀ ಕೋಣೆಯನ್ನು ಒಂದೇ ಸಮನೆ ಬೆಳಗುತ್ತೇವೆ. ಅಲ್ಲಿ ಓದುವ ಕಡೆ ಒಂದು, ಮಲಗುವ ಕಡೆ ಒಂದು, ಮೂಲೆಯಲ್ಲಿ ಒಂದು ಎಂದು ಸಣ್ಣ ಸಣ್ಣ ದೀಪಗಳಿದ್ದವು. ಬೆಳಕು ಬಿದ್ದಲ್ಲೆಲ್ಲ ಒಂದೊಂದು ಜಾಗ ಹುಟ್ಟಿಕೊಂಡಿತ್ತು. ಒಂದೇ ಕೋಣೆಯಲ್ಲಿ ಇಬ್ಬರು ಇರಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯ ಬೇಕೆ? ನಾನು ಒಂಬತ್ತಕ್ಕೆ ಮಲಗಿದರೂ ಅವಳು ಓದಿಕೊಳ್ಳಬಹುದು. ನೋಟ್‌ಬುಕ್ಕಿನಲ್ಲಿ 'ದೀಪ ಒಂದಲ್ಲ, ಮೂರು' ಎಂದು ಬರೆದುಕೊಂಡೆವು.

ಎರಡನೆಯ ಶನಿವಾರ ಎಂ.ಜಿ. ರಸ್ತೆಯ 'ಕಾವೇರಿ'. ಇದು ಕರ್ನಾಟಕ ಸರ್ಕಾರದ ಕರಕುಶಲ ನಿಗಮದ ಮಳಿಗೆ. ಅಲ್ಲಿ ಪುಟ್ಟಿಯನ್ನು ಹಿಡಿದು ನಿಲ್ಲಿಸಿದ್ದು ಬಿದರಿ ಹೂದಾನಿ. ಸತು ಮತ್ತು ತಾಮ್ರ ಬೆರೆಸಿದ ಲೋಹವನ್ನು ಎರಕ ಹೊಯ್ದು, ಮೇಲೆ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 'ಹಿಂದೆ ಕಪ್ಪು ಇರೋದಕ್ಕೇ ಬೆಳ್ಳಿ ಹೊಳೀತಿದೆ' ಎಂದಳು ಪುಟ್ಟಿ. ಬೆಲೆ ನೋಡಿ ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಆದರೆ ಅವಳು ಹೇಳಿದ ಮಾತಿಗೆ ಬೆಲೆಚೀಟಿ ಇರಲಿಲ್ಲ, ಅದನ್ನು ಬರೆದುಕೊಂಡು ಬಂದೆವು. ಚಂದದ ಒಂದು ವಸ್ತುವಿನ ಹಿಂದೆ, ಸುತ್ತ ಬೇರೇನೂ ಇರಬಾರದು.

ಮನೆಗೆ ಬಂದು ನಮ್ಮ ಶೋಕೇಸ್ ನೋಡಿದರೆ ಅಲ್ಲಿ ಹತ್ತೊಂಬತ್ತು ವಸ್ತುಗಳು ಒಂದರ ಬೆನ್ನಿಗೆ ಒಂದು ನಿಂತಿದ್ದವು. ಯಾವುದೂ ಕಾಣುತ್ತಿರಲಿಲ್ಲ.

ಮೂರನೆಯ ಶನಿವಾರ ಚಿಕ್ಕಪೇಟೆ. ಪರದೆಯ ಬಟ್ಟೆ ನೋಡಲು ಹೋದೆವು. ಅಲ್ಲಿಯ ಒಬ್ಬ ಹಿರಿಯ ವ್ಯಾಪಾರಿ, ಕೇಳದೆಯೇ ಒಂದು ಪಾಠ ಹೇಳಿಕೊಟ್ಟರು. 'ಅಮ್ಮಾ, ಅಂಗಡಿ ದೀಪದಲ್ಲಿ ಬಣ್ಣ ನಂಬಬೇಡಿ' ಎಂದು ತಾನನ್ನೇ ಹಿಡಿದು ಬಾಗಿಲ ಬಳಿ ಬಿಸಿಲಿಗೆ ತಂದರು. ಒಳಗೆ ಕೆಂಪಾಗಿದ್ದ ಬಟ್ಟೆ ಹೊರಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಆ ಬಣ್ಣ ನನಗೆ ಬಹಳ ಪರಿಚಿತ. ನಮ್ಮ ಕಡೆಯ ಕೆಮ್ಮಣ್ಣಿನ ಬಣ್ಣ. ಪುಟ್ಟಿಗೆ ಮಾತ್ರ ನೇರಳೆಯೇ ಬೇಕು. ಬಾಗಿಲಲ್ಲೇ ನಿಂತು ಚರ್ಚೆ ನಡೆಯಿತು. ಕೊನೆಗೆ ಪರದೆ ನನ್ನ ಬಣ್ಣ, ದಿಂಬಿನ ಕವರುಗಳೆಲ್ಲ ಅವಳ ಬಣ್ಣ ಎಂದು ರಾಜಿಯಾಯಿತು. ಎರಡೂ ಬಟ್ಟೆ ಪಕ್ಕಪಕ್ಕ ಇಟ್ಟು ನೋಡಿದರೆ ಚೆನ್ನಾಗಿಯೇ ಇತ್ತು.

ಅಂಗಡಿಗಳಲ್ಲದೆ ಪುಸ್ತಕಗಳನ್ನೂ ತಿರುವಿದೆವು. ಗ್ರಂಥಾಲಯದಲ್ಲಿ ಕುಳಿತು ಚಿತ್ರ ನೋಡಲು ಕಾಸೂ ಬೇಡ. ಅಲ್ಲಿ ಸಿಕ್ಕವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತಕ್ಕೆ ಬಂದು, ಕೊನೆಗೆ ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ಅಲ್ಲೇ ತೀರಿಕೊಂಡ ವಾಸ್ತುಶಿಲ್ಪಿ. ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವುದಕ್ಕೆ ಹೆಸರಾದವರು. ಇಟ್ಟಿಗೆಗಳ ನಡುವೆ ಬೇಕೆಂದೇ ಸಂದು ಬಿಟ್ಟು ಜಾಲಿ ಗೋಡೆ ಕಟ್ಟುತ್ತಿದ್ದರು. ಕಿಟಕಿಯ ಖರ್ಚು ಉಳಿಯಿತು, ಗಾಳಿ ಬಂತು, ಬಿಸಿಲು ಚೂರು ಚೂರಾಗಿ ನೆಲದ ಮೇಲೆ ಹರಡಿತು. ಆ ಚಿತ್ರವನ್ನು ಪುಟ್ಟಿ ಬಹಳ ಹೊತ್ತು ನೋಡಿದಳು. ಮನೆಗೆ ಬಂದವಳೇ ನನ್ನ ಬೆತ್ತದ ಬುಟ್ಟಿಯನ್ನು ಎತ್ತಿ, ಅದರೊಳಗೆ ಟಾರ್ಚ್ ಇಟ್ಟು ಹೊತ್ತಿಸಿದಳು. ಗೋಡೆಯ ತುಂಬ ಬೆಳಕಿನ ಚುಕ್ಕಿಗಳು! ಎಲೆಕ್ಟ್ರಿಷಿಯನ್ ಬಂದು ಬುಟ್ಟಿಯನ್ನು ಬೋರಲು ಹಾಕಿ, ಒಳಗೆ ಬಿಸಿಯಾಗದಂಥ ಸಣ್ಣ ಎಲ್‌ಇಡಿ ಬಲ್ಬು ಕೂರಿಸಿ ಮೂಲೆಯಲ್ಲಿ ತೂಗುಹಾಕಿದ. ಮಕ್ಕಳೇ, ವಿದ್ಯುತ್ತಿನ ಕೆಲಸಕ್ಕೆ ಮಾತ್ರ ನೀವು ಕೈಹಾಕಬೇಡಿ, ತಿಳಿದವರನ್ನೇ ಕರೆಯಿರಿ.

ಇನ್ನೊಂದು ಪುಸ್ತಕದಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಯ ವಿಷಯವಿತ್ತು. ಕುರ್ಚಿಗಳ ವಿನ್ಯಾಸಕ್ಕೆ ಜಗತ್ಪ್ರಸಿದ್ಧರು. ನಮ್ಮ ಸರ್ಕಾರ ಅವರನ್ನು ಕರೆಸಿ, ಇಲ್ಲಿ ವಿನ್ಯಾಸವನ್ನು ಹೇಗೆ ಕಲಿಸಬೇಕೆಂದು ಕೇಳಿತ್ತು. ಅವರು ದೇಶ ಸುತ್ತಿ 1958ರಲ್ಲಿ ವರದಿ ಕೊಟ್ಟರು. ಅದರ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಭಾರತದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅತ್ಯಂತ ಸುಂದರವಾದುದು ಎಂದು ಅವರು ಯಾವುದನ್ನು ಕೊಂಡಾಡಿದರು ಗೊತ್ತೇ? ಅರಮನೆಯ ಸಿಂಹಾಸನವನ್ನಲ್ಲ. ದಿನಬಳಕೆಯ ಲೋಟಾವನ್ನು, ಅಂದರೆ ನಮ್ಮ ತಂಬಿಗೆಯನ್ನು!

ಅದನ್ನು ಯಾರೋ ಒಬ್ಬರು ಕುಳಿತು ರಚಿಸಿದ್ದಲ್ಲ, ತಲೆಮಾರುಗಳ ಕೈಗಳು ಅದನ್ನು ತಿದ್ದಿ ತೀಡಿವೆ ಎಂದರು ಅವರು. ಎಷ್ಟು ನೀರು ಹಿಡಿಯಬೇಕು, ಗಂಡಸು, ಹೆಂಗಸು, ಮಗು ಯಾರ ಕೈಗಾದರೂ ಒಗ್ಗುತ್ತದೆಯೇ, ತುಂಬಿದಾಗ ಮತ್ತು ಬರಿದಾದಾಗ ಹೇಗೆ ನಿಲ್ಲುತ್ತದೆ, ಬಾಯಿ ನೀರು ಸುರಿಯಲೂ ಒಳಗೆ ತೊಳೆಯಲೂ ಅನುಕೂಲವೇ, ಬಡಿದರೆ ಯಾವ ಸದ್ದು ಬರುತ್ತದೆ ಎಂದು ಒಂದು ತಂಬಿಗೆಯ ಬಗ್ಗೆ ಸಾಲು ಸಾಲು ಪ್ರಶ್ನೆಗಳನ್ನು ಪಟ್ಟಿ ಮಾಡಿದ್ದರು.

ಪುಟ್ಟಿ ಎದ್ದು ಹೋಗಿ ನನ್ನ ತಾಮ್ರದ ತಂಬಿಗೆ ತಂದಳು. ನೀರು ತುಂಬಿ ಎತ್ತಿದಳು, ಚೆಲ್ಲಿ ಎತ್ತಿದಳು. ಕಂಠದಲ್ಲಿ ಬೆರಳು ಸುತ್ತಿ ಹಿಡಿದು ನೋಡಿದಳು. ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು. ನಮ್ಮ ಅತ್ತೆಯವರು ಐವತ್ತು ವರ್ಷ ಬಳಸಿದ ತಂಬಿಗೆ ಅದು. ಅಷ್ಟು ದಿನ ಟ್ರಂಕಿನಲ್ಲಿ ಬಿದ್ದಿದ್ದ ಅದಕ್ಕೆ ಈಗ ಹುಣಸೆಹಣ್ಣು ಹಚ್ಚಿ ಉಜ್ಜಿ, ಬಿಳಿ ಗೋಡೆಯ ಮುಂದೆ ಒಂಟಿಯಾಗಿ ಇಟ್ಟಿದ್ದೇವೆ. ಬಿದರಿ ಹೂದಾನಿ ಕಲಿಸಿದ ಪಾಠ.

ಇಷ್ಟಾದ ಮೇಲೂ ಇಳಿಜಾರು ಮೇಜು ಬಾಗಿಲ ಹಿಂದೆಯೇ ನಿಂತಿತ್ತು. ಅದರ ವಿಷಯ ನಾನಾಗಿ ಎತ್ತಬಾರದು ಎಂದುಕೊಂಡಿದ್ದೆ. ಎಷ್ಟಾದರೂ ಅದು ನನ್ನ ನೆನಪು, ಅವಳದಲ್ಲ. ಒಂದು ಸಂಜೆ ಪುಟ್ಟಿ ಟೇಪು ಹಿಡಿದು ಕಿಟಕಿಯ ಕೆಳಗಿನ ಜಾಗ ಅಳೆದಳು, ಆಮೇಲೆ ಮೇಜನ್ನೂ ಅಳೆದಳು. 'ಅಜ್ಜಿ, ಇಲ್ಲಿ ಸರಿಯಾಗಿ ಕೂರತ್ತೆ. ಕೆಳಗೆ ಕೂತು ಓದೋ ಜಾಗ ಮಾಡೋಣ. ತಾತ ಇದರ ಮೇಲೇನೇ ಬರೀತಿದ್ರಾ?' ಎಂದು ಕೇಳಿದಳು. ನಾನು ಹೌದೆಂದೆ. ಮೇಜಿನ ಎಡಗಡೆ ಇರುವ ಮಸಿಯ ಕಲೆ ತೋರಿಸಿ, ಅದು ಬಿದ್ದ ದಿನದ ಕಥೆ ಹೇಳಿದೆ. ಹಳೆಯ ಜಮಖಾನ ಹಾಸಿದೆವು. ತನ್ನ ಕುರ್ಚಿ, ಮೇಜು ಬಿಟ್ಟು ಈಗ ಅವಳು ಹೋಂವರ್ಕ್ ಮಾಡುವುದು ಅಲ್ಲೇ.

ಜಾಗ ಸಾಲದೆ ಇಬ್ಬರೂ ಕೆಲವನ್ನು ಬಿಟ್ಟುಕೊಡಬೇಕಾಯಿತು. ನನ್ನ ಎರಡೂ ಟ್ರಂಕುಗಳು ಸ್ಟೋರ್ ರೂಮಿಗೆ ಇಳಿದವು. ಅವಳ ಪ್ಲಾಸ್ಟಿಕ್ ಅಡುಗೆಮನೆ ಆಟದ ಸೆಟ್ಟು ಹತ್ತಿರದ ಅಂಗನವಾಡಿಗೆ ಹೋಯಿತು. ಅವತ್ತು ಇಬ್ಬರ ಮುಖವೂ ಸ್ವಲ್ಪ ಸಪ್ಪಗಿತ್ತು.

ಕೊನೆಗೆ ಉಳಿದದ್ದು ಮಂಚದ ಎದುರಿನ ಬೋಳು ಗೋಡೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಅಕ್ಕಿಹಿಟ್ಟಿನಿಂದ ಬಿಳಿ, ಹುರಿದು ಕರಕಾದ ಅಕ್ಕಿಯಿಂದ ಕಪ್ಪು, ಪುಂಡಿ ನಾರಿನ ಕುಂಚ. ನನ್ನ ಶಾಲೆಯ ಮಕ್ಕಳ ತಾಯಂದಿರು ಹಿಂದೆ ನನಗೆ ನಾಲ್ಕು ಗೆರೆ ಎಳೆಯಲು ಕಲಿಸಿದ್ದರು. ಅವರ ಕೈಯ ನೇರ ನನಗೆ ಬರುವುದಿಲ್ಲ. ಆದರೂ ಒಂದು ಪ್ಲೈವುಡ್ ಹಲಗೆಗೆ ಕೆಂಪು ಬಳಿದು ಅಂಚು ಬರೆದುಕೊಟ್ಟೆ. ಒಳಗಿನ ಚಿತ್ರ ಪುಟ್ಟಿಯದು. ಅದೇ ಬಿಳಿ ಗೆರೆಗಳಲ್ಲಿ ಅವಳು ಒಂದು ಮೆಟ್ರೊ ರೈಲು ಬರೆದಿದ್ದಾಳೆ. ಕಿಟಕಿಯಲ್ಲಿ ಎರಡು ತಲೆ, ಒಂದಕ್ಕೆ ತುರುಬು.

ಬಟ್ಟೆ, ಬಲ್ಬು, ಹಲಗೆ, ಬಣ್ಣ ಎಲ್ಲ ಸೇರಿ 1,840 ರೂಪಾಯಿ ಖರ್ಚಾಯಿತು. ಕಳೆದ ವಾರ ಅವಳ ಗೆಳತಿ ಬಂದಿದ್ದಾಗ ಬಾಗಿಲು ತೆರೆಯುತ್ತಾ ಪುಟ್ಟಿ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು: 'ಬಾ, ನಮ್ಮ ರೂಮು ತೋರಿಸ್ತೀನಿ.' ಸೊಸೆ ನನ್ನ ಕಡೆ ನೋಡಿದಳು. ನಾನು ಒಲೆಯ ಮೇಲಿನ ಹಾಲು ನೋಡುತ್ತಿದ್ದೆ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಜತೆ ಅಂಗಡಿಗೆ ಹೋಗುವಾಗ ಒಮ್ಮೆ ಪರ್ಸಿಗಿಂತ ಮೊದಲು ನೋಟ್‌ಬುಕ್ ತೆಗೆಯಿರಿ. ಮಕ್ಕಳೇ, 'ಇದು ಬೇಕು' ಎನ್ನುವ ಮೊದಲು 'ಇದು ಯಾಕೆ ಹಿಡಿಸಿತು' ಎಂದು ಬರೆದು ನೋಡಿ. ಮನೆಯ ಅಟ್ಟದಲ್ಲಿ ಏನಿದೆ ಎಂದು ಹಿರಿಯರನ್ನು ಕೇಳಿ. ಮೂರನೆಯ ಕಲಂ ತುಂಬುವುದು ಅಲ್ಲಿಂದಲೇ.

ನಮ್ಮ ಹತ್ತಿರ ಇನ್ನೂ 160 ರೂಪಾಯಿ ಉಳಿದಿದೆ. ದಸರಾ ರಜೆಯಲ್ಲಿ ರೈಲು ಹತ್ತಿ ಚನ್ನಪಟ್ಟಣಕ್ಕೆ ಹೋಗಬೇಕೆಂದು ಪುಟ್ಟಿಯ ಯೋಜನೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಮೆತ್ತಿಕೊಳ್ಳುವುದನ್ನು ಅವಳು ಕಣ್ಣಾರೆ ನೋಡಬೇಕಂತೆ. ಇಳಿಜಾರು ಮೇಜಿನ ಮೇಲೆ ಪೆನ್ಸಿಲ್ ಜಾರಿ ಬೀಳುತ್ತದೆಯಲ್ಲ, ಅದಕ್ಕೊಂದು ಪೆನ್ಸಿಲ್ ಡಬ್ಬಿ ಬೇಕಾಗಿದೆ. ಬಣ್ಣ ಯಾವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ನೇರಳೆ ಎನ್ನುತ್ತಿದ್ದಾಳೆ.